ಕಾಕಾನ ಎಡಗಡೆಯ ನೋವು

ಉಪ್ಪಲ್‌ನ ಸ್ಕ್ಯಾನಿಂಗ್ ಸೆಂಟರಿನಲ್ಲಿ ನನ್ನ ಹೊಟ್ಟೆಗೆ ಹಚ್ಚಿದ ಜೆಲ್ ತಣ್ಣಗಿತ್ತು. ಆ ತಂಪಿನ ಜೊತೆಗೇ ಕಾಕಾ ನೆನಪಿಗೆ ಬಂದರು.

ಕಾಕಾ ನನಗೆ ನೆಂಟರಲ್ಲ. ಎಷ್ಟೋ ವರ್ಷಗಳ ಹಿಂದೆ ನಾಚಾರಂನಲ್ಲಿ ಪಕ್ಕದ ಮನೆಯವರು, ರಾಯಚೂರು ಕಡೆಯವರು, ಲೇತ್ ಮಷಿನ್ ಮೇಲೆ ಕೆಲಸ. ಕಾರ್ಖಾನೆಯ ಮಾಲೀಕರು ಬದಲಾದಾಗ ಎಲ್ಲರಿಗೂ ಆರೋಗ್ಯ ತಪಾಸಣೆ ಕಡ್ಡಾಯವಾಯಿತು. ಇಂಗ್ಲಿಷ್ ರಿಪೋರ್ಟ್ ಓದಲೆಂದು ನನ್ನನ್ನೂ ಕರೆದೊಯ್ದರು.

ಕಾಕಾನ ಹೊಟ್ಟೆಯನ್ನು ಸ್ಕ್ಯಾನ್ ಮಾಡುತ್ತಿದ್ದ ಡಾಕ್ಟರ್ ಒಮ್ಮೆಲೇ ಕೈ ತಡೆದು ಪರದೆಗೆ ಬಾಗಿದರು. ಇನ್ನಿಬ್ಬರನ್ನು ಕರೆದು ಪರದೆ ತೋರಿಸಿದರು. ಲಿವರ್ ಎಡಕ್ಕೆ, ಜಠರ ಬಲಕ್ಕೆ. ಹುಟ್ಟಿನಿಂದಲೇ ಹೊಟ್ಟೆಯೊಳಗಿನದೆಲ್ಲ ಅದಲುಬದಲು. ಐವತ್ತು ದಾಟುವವರೆಗೂ ಯಾರಿಗೂ ಗೊತ್ತಿರಲಿಲ್ಲ. ಇದು ರೋಗವಲ್ಲ ಎಂದರು ಡಾಕ್ಟರ್. ಆದರೆ ಅಪೆಂಡಿಕ್ಸ್ ಕೆಟ್ಟರೆ ನೋವು ಎಲ್ಲರಂತೆ ಬಲಕ್ಕಲ್ಲ, ಎಡಕ್ಕೆ ಬರುತ್ತದೆ, ಹೊಟ್ಟೆನೋವೆಂದು ಎಲ್ಲಿಗೆ ಹೋದರೂ ಮೊದಲು ಇದನ್ನೇ ಹೇಳಬೇಕು ಎಂದು ಎಚ್ಚರಿಸಿದರು.

ಹೊರಗೆ ಬಂದು ಕಾಕಾ ರಿಪೋರ್ಟನ್ನು ಮಡಚಿ ಊಟದ ಡಬ್ಬಿಯ ಕೆಳಗಿನ ಖಾನೆಗೆ ತುರುಕಿದರು.

“ಯಾರ ಮುಂದೂ ಬಾಯಿ ಬಿಡಬ್ಯಾಡಪಾ. ಮಗಳ ಮದುವಿ ಮಾತುಕತಿ ನಡದೈತಿ. ಅಪ್ಪಂದು ಉಲ್ಟಾ ಐತಿ ಅಂದ್ರ ಮಗಳದೂ ಹಂಗ ಅಂತಾರ.”

“ಒಳಗಿಂದು ಯಾರು ನೋಡ್ತಾರ ಕಾಕಾ?”

“ಯಾರೂ ನೋಡೂದಿಲ್ಲಂತನ ಮುಚ್ಚಾಕತ್ತೀನಿ.”

ಅವರ ಅಂಗೈ ಮೇಲೆ ಕೈಯಿಟ್ಟು ಮಾತು ಕೊಟ್ಟೆ.

ಸಕ್ಕರೆ ಹಂಚಿ ಸಂಬಂಧ ಗಟ್ಟಿಮಾಡಲು ಗಂಡಿನ ಕಡೆಯವರು ಬಂದ ದಿನವೇ ನೋವು ಬಂತು. ಕಾಕಾ ಹೊಟ್ಟೆಯ ಎಡಕ್ಕೆ ಕೈ ಒತ್ತಿಕೊಂಡು ಗೋಡೆಗೆ ಒರಗಿದ್ದರು. ಎಡಕ್ಕೇ ತಾನೆ? ನಾನು ಎದುರಿಗೆ ಕೂತಿದ್ದೆ. ಈಗ ನೆನೆದರೆ ಆ ಕೈ ಒಮ್ಮೆ ಆಚೆ, ಒಮ್ಮೆ ಈಚೆ ಕಾಣುತ್ತದೆ… ಓಣಿಯ ಡಾಕ್ಟರನ್ನು ಮನೆಗೇ ಕರೆಸಿದರು. ಒಂದೇ ಕೋಣೆಯ ಮನೆ. ಗಂಡಿನ ತಂದೆ ಬಸಿಯಲ್ಲಿ ಚಹಾ ಆರಿಸುತ್ತಿದ್ದರು.

“ಮೊದಲಿಂದ ಏನಾದರೂ ತಕ್ಲೀಫ್ ಇದೆಯಾ?” ಡಾಕ್ಟರ್ ಕೇಳಿದರು.

ಕಾಕಾ ನನ್ನನ್ನು ನೋಡಿದರು. ಹೇಳು ಎಂದೋ, ಬೇಡ ಎಂದೋ… ಈ ಕ್ಷಣವನ್ನು ನಾನು ಎಷ್ಟು ಸಲ ತಿದ್ದಿದ್ದೇನೆಂದರೆ, ಒಂದು ನೆನಪಿನಲ್ಲಿ ನಾನು ಎದ್ದು ನಿಂತು ಎಲ್ಲ ಹೇಳಿಬಿಡುತ್ತೇನೆ. ಅದು ಸುಳ್ಳು. ನಾನು ಬಾಯಲ್ಲಿದ್ದ ಸಕ್ಕರೆ ನುಂಗಿದೆ.

“ಎಡಕ್ಕಲ್ಲವೆ, ಗ್ಯಾಸು,” ಎಂದು ಡಾಕ್ಟರ್ ಗುಳಿಗೆ ಕೊಟ್ಟು ಹೋದರು.

ಮರುದಿನ ಬೆಳಿಗ್ಗೆ ಕಾಕಾನ ಹೊಟ್ಟೆ ಹಲಗೆಯ ಹಾಗೆ ಬಿಗಿದಿತ್ತು. ದೊಡ್ಡ ಆಸ್ಪತ್ರೆಯ ಬಾಗಿಲಲ್ಲಿ ಯಾರೂ ಕೇಳುವ ಮೊದಲೇ ನಾನು ಎಲ್ಲ ಹೇಳಿದೆ. ಅಷ್ಟರಲ್ಲಿ ಅಪೆಂಡಿಕ್ಸ್ ಒಡೆದು ಕೀವು ಹರಡಿತ್ತು. ನಾಲ್ಕನೆಯ ದಿನ ಕಾಕಾ ಹೋದರು.

ಆ ನಾಲ್ಕೂ ದಿನ ಗಂಡಿನ ತಂದೆ ವಾರ್ಡಿನ ಹೊರಗೆ ಬೆಂಚಿನ ಮೇಲೆಯೇ ಇದ್ದರು. ಕೊನೆಗೆ ಅವರಿಗೂ ಹೇಳಿದೆ.

“ಇಷ್ಟ ಏನ್ರಿ?” ಎಂದರು. “ಹೇಳಿದ್ರ ನಾವೇನು ಹುಡುಗಿ ಹೊಟ್ಟಿ ಕೊಯ್ದು ನೋಡ್ತಿದ್ವೇನು?”

ವರ್ಷ ತುಂಬುವುದರೊಳಗೆ ಮದುವೆಯನ್ನೂ ಅವರೇ ಮುಂದೆ ನಿಂತು ಮಾಡಿಸಿದರು.

“ಆಯ್ತು ಅಂಕಲ್, ಒರೆಸಿಕೊಳ್ಳಿ,” ಎಂದಳು ಉಪ್ಪಲ್‌ನಲ್ಲಿ ನನ್ನ ಸ್ಕ್ಯಾನ್ ಮುಗಿಸಿದ ಹುಡುಗಿ, ಕಾಗದ ಕೊಡುತ್ತ.

“ಲಿವರ್ ಬಲಕ್ಕೇ ಇದೆಯಾ?”

ಅವಳು ನಕ್ಕಳು. “ಇನ್ನೆಲ್ಲಿಗೆ ಹೋಗುತ್ತೆ?”

“ಎಡಕ್ಕೂ ಇರುತ್ತಮ್ಮ,” ಎಂದೆ. “ನಮ್ಮ ಕಾಕಾಗೆ ಎಡಕ್ಕಿತ್ತು. ನನಗೆ ಗೊತ್ತಿತ್ತು.”

ಅವಳು ಆಗಲೇ ಬಾಗಿಲು ತೆರೆದು ಮುಂದಿನ ಟೋಕನ್ ಕರೆಯುತ್ತಿದ್ದಳು.