ಗದ್ದಕ್ಕಿಂತ ಮೇಲೆ, ಮೂಗಿಗಿಂತ ಕೆಳಗೆ

ಕಳೆದ ವಾರ ಕರೆಂಟು ಹೋದಾಗ ಮೇಜಿನ ಬಟ್ಟೆಯ ಮೇಲೆ ಮೇಣದ ಬತ್ತಿ ಕರಗಿ ಬಿದ್ದಿತ್ತು. ಬೆಳಿಗ್ಗೆ ಅದರ ಮೇಲೆ ಹಳೇ ಪೇಪರು ಹಾಸಿ ಇಸ್ತ್ರಿ ಒತ್ತಿದೆ. ಬಿಸಿ ಮೇಣದ ವಾಸನೆ ಮೂಗಿಗೆ ಬಂದದ್ದೇ ತಡ, ಮಿಟುಂಬಾ ಸಂತೆಯ ಆ ಮನುಷ್ಯ ನೆನಪಾದ. ಹೊರದೇಶದವರು ಹಾಕಿ ಬಿಟ್ಟ ಬಟ್ಟೆ, ಬೂಟು, ಚೀಲಗಳಿಗೆ ನಾವಿರುವ ನೈರೋಬಿಯಲ್ಲಿ ಮಿಟುಂಬಾ ಅನ್ನುತ್ತಾರೆ. ಅವನು ಅಲ್ಲಿ ಹಳೇ ಸ್ಕೀ ಮಾರುತ್ತಿದ್ದ. ಹಿಮದ ಮೇಲೆ ಜಾರಲು ಕಾಲಿಗೆ ಕಟ್ಟಿಕೊಳ್ಳುವ ಉದ್ದನೆಯ ಹಲಗೆಗಳು. ಇದ್ದಿಲಿನ ಇಸ್ತ್ರಿ ಪೆಟ್ಟಿಗೆಯಲ್ಲಿ ಮೇಣ ಕರಗಿಸಿ ಆ ಹಲಗೆಗಳ ಅಡಿಗೆ ಬಳಿಯುತ್ತ ಕೂತಿರುತ್ತಿದ್ದ...

ಹಿಮವೇ ಬೀಳದ ಊರಲ್ಲಿ ಇದನ್ನು ಯಾರು ಕೊಳ್ಳುತ್ತಾರೆ ಅಂತ ನಾನೂ ನಕ್ಕವಳೇ. ಗಿಗಿರಿಯ ವಿಶ್ವಸಂಸ್ಥೆ ಆಫೀಸುಗಳಲ್ಲಿ ಕೆಲಸ ಮಾಡುವ ಬಿಳಿಯರು ವರ್ಗವಾಗಿ ಹೋಗುವಾಗ ಮನೆ ಸಾಮಾನಿನ ಜೊತೆ ಇದನ್ನೂ ಮಾರಿ ಹೋಗುತ್ತಿದ್ದರು. ಅವನು ಕೊಂಡು, ರಿಪೇರಿ ಮಾಡಿ, ರಜಕ್ಕೆ ಊರಿಗೆ ಹೋಗುವ ಬೇರೆ ಬಿಳಿಯರಿಗೆ ಮಾರುತ್ತಿದ್ದ. ಪ್ರಾಯದಲ್ಲಿ ಯುರೋಪಿನ ಒಂದು ಬೆಟ್ಟದ ಹೋಟೆಲಿನಲ್ಲಿ ಹನ್ನೆರಡು ವರ್ಷ ಇದೇ ಕೆಲಸ ಮಾಡಿದ್ದನಂತೆ.

ನನ್ನ ಮೊಮ್ಮಗಳಿಗೆ ಆಗ ಹದಿಮೂರು. ಲ್ಯಾವಿಂಗ್ಟನ್ನಿನ ಅವಳ ಶಾಲೆಯವರು ಡಿಸೆಂಬರಿನಲ್ಲಿ ಮಕ್ಕಳನ್ನು ಸ್ಕೀ ಕಲಿಸಲು ಯುರೋಪಿಗೆ ಕರೆದುಕೊಂಡು ಹೋಗುತ್ತಿದ್ದರು. ಅವಳಿಗೆ ಅದು ಮೂರನೇ ಸಲ. ಹೋದಾಗಲೆಲ್ಲ ಬಾಡಿಗೆಗೆ ತೆಗೆದುಕೊಳ್ಳುವುದು ಯಾಕೆ, ಒಂದು ಜೊತೆ ಸ್ವಂತದ್ದು ಇರಲಿ ಅಂದವಳು ನಾನು. ಮಗ, ಅಮ್ಮ ನಿನಗೆ ಅದೆಲ್ಲ ಗೊತ್ತಾಗಲ್ಲ ಅಂದ. ಏಳನೇ ಕ್ಲಾಸು ಓದಿದವಳಿಗೆ ಗೊತ್ತಾಗದೇ ಇರುವುದು ಬಹಳ ಇದೆ, ಕೊಳ್ಳುವುದು ಗೊತ್ತು ಅಂದುಕೊಂಡು ಒಬ್ಬಳೇ ಹೊರಟೆ.

ನಮ್ಮ ಮನೆಯಲ್ಲಿ ಒಂದು ಪದ್ಧತಿ. ಬೆಳೆಯುವ ಮಕ್ಕಳಿಗೆ ಏನು ತಂದರೂ ಒಂದು ಸೈಜು ದೊಡ್ಡದು. ಫ್ರಾಕಿನ ಅಂಚು ಒಳಗೆ ಮಡಿಸಿ ಹೊಲಿದಿರಬೇಕು, ವರ್ಷಕ್ಕೊಂದು ಮಡಿಕೆ ಬಿಚ್ಚಬೇಕು. ಶೂ ದೊಡ್ಡದಾದರೆ ಮುಂದೆ ಹತ್ತಿ ತುರುಕಿದರಾಯಿತು. ನನ್ನ ಮಗ ಹಾಗೇ ಬೆಳೆದ. ಅದೇ ಲೆಕ್ಕದಲ್ಲಿ ಆ ಸ್ಕೀ ಮಾರುವವನ ಅಂಗಡಿಯಲ್ಲಿ ಎಲ್ಲಕ್ಕಿಂತ ಉದ್ದನೆಯ, ಕಪ್ಪಗೆ ಫಳಫಳ ಹೊಳೆಯುವ ಜೊತೆಯನ್ನು ತೋರಿಸಿ, ಮೊಮ್ಮಗಳಿಗೆ ಇದನ್ನು ಕೊಡು ಅಂದೆ. ಅದು ಅವಳ ತಲೆಗಿಂತ ಒಂದು ಗೇಣು ಮೇಲೆ ಬರುವಂತಿತ್ತು.

ಅವನು ಮೇಣ ಬಳಿಯುವುದನ್ನು ನಿಲ್ಲಿಸಲಿಲ್ಲ. ಹುಡುಗಿ ಹೇಗೆ ಆಡುತ್ತಾಳೆ ಅಂತ ಕೇಳಿದ. ಕ್ಲಾಸಿಗೇ ಫಸ್ಟು, ಎಂಥ ಇಳಿಜಾರಾದರೂ ಇಳಿಯುತ್ತಾಳೆ ಅಂದೆ. ನಾನು ಹಿಮವನ್ನು ಫೋಟೋದಲ್ಲಿ ಮಾತ್ರ ನೋಡಿದವಳು. ಆದರೆ ಕನ್ನಡದವರು ಸೇರಿದಲ್ಲೆಲ್ಲ ಒಬ್ಬೊಬ್ಬರು ಒಂದೊಂದು ಮೊಮ್ಮಗುವಿನ ಗುಣಗಾನ ಮಾಡುತ್ತಾರೆ. ನಾನೂ ಮಾಡುತ್ತಿದ್ದೆ. ಹೇಳಿ ಹೇಳಿ ನನಗೇ ನಿಜ ಅನ್ನಿಸಿಬಿಟ್ಟಿತ್ತು.

ಹುಡುಗಿಯನ್ನು ಕರೆದುಕೊಂಡು ಬಾ, ಆಮೇಲೆ ಕೊಡುತ್ತೇನೆ ಅಂದ. ಅವಳಿಗೆ ಪರೀಕ್ಷೆ ಇದೆ, ಅವಳ ಅಳತೆ ನನಗೆ ಗೊತ್ತು ಅಂದೆ. ಅವನು ತಲೆ ಆಡಿಸಿದ. ನನಗೆ ಸಿಟ್ಟು ಬಂತು. ನನ್ನ ಸ್ವಾಹಿಲಿ ಅಷ್ಟಕ್ಕಷ್ಟೆ, ಆದರೂ ಬೈಯಲು ಸಾಕಾಗುವಷ್ಟಿತ್ತು. ನಮ್ಮಿಬ್ಬರ ಮಾತನ್ನು ಕನ್ನಡದಲ್ಲೇ ಬರೆಯುತ್ತೇನೆ.

"ನೀನು ಇಲ್ಲಿ ಕೂತಿರೋದು ಮಾರೋಕಾ, ಪರೀಕ್ಷೆ ಮಾಡೋಕಾ?" ಅಂದೆ.

"ಶೋಶೋ, ಹಿಮದ ಮೇಲೆ ಹೋಗೋದು ನೀವಾ, ಅವಳಾ?" ಅಂದ. ಶೋಶೋ ಅಂದರೆ ಇಲ್ಲಿ ಅಜ್ಜಿ.

ಪಕ್ಕದ ಚಪ್ಪಲಿ ಅಂಗಡಿಯವಳು ನಕ್ಕಳು. ನಾನು ಬರಿಗೈಯಲ್ಲಿ ಮಟಾಟು ಅನ್ನುವ ಬಾಡಿಗೆ ವ್ಯಾನು ಹತ್ತಿ ಮನೆಗೆ ಬಂದೆ. ದಾರಿ ಉದ್ದಕ್ಕೂ ಅವನನ್ನು ಶಪಿಸಿದೆ. ಬೇರೆ ಕಡೆ ಎರಡು ದಿನ ಹುಡುಕಿದರೂ ಸಿಗಲಿಲ್ಲ. ಹುಡುಗಿ ಹೊರಡಲು ಆರು ದಿನ ಉಳಿದಿತ್ತು. ಶನಿವಾರ ಅವಳನ್ನು ಎಳೆದುಕೊಂಡು ಮತ್ತೆ ಅಲ್ಲಿಗೇ ಹೋಗಬೇಕಾಯಿತು.

ಅವನು ನನ್ನನ್ನು ಮೋಟು ಸ್ಟೂಲಿನ ಮೇಲೆ ಕೂರಿಸಿ, ನನ್ನನ್ನು ಬಿಟ್ಟು ಅವಳ ಹತ್ತಿರವೇ ಮಾತಾಡಿದ. ಜಾರುವಾಗ ಹೇಗೆ ನಿಲ್ಲುತ್ತೀ ಅಂತ ಕೇಳಿದ. ಅವಳು ಅಲ್ಲೇ ಗೋಣಿತಾಟಿನ ಮೇಲೆ ಮಂಡಿ ಬಗ್ಗಿಸಿ, ಪಾದ ಎರಡನ್ನೂ ಒಂದು ಕಡೆಗೆ ಹೊರಳಿಸಿ ತೋರಿಸಿದಳು. ಎಡಕ್ಕೆ ಚೆನ್ನಾಗಿ ಬಂತು, ಬಲಕ್ಕೆ ತಡವರಿಸಿದಳು. ಅವನು ಮತ್ತೊಂದು ಸಲ ಮಾಡಿಸಿದ. ಆಮೇಲೆ ಕಪ್ಪು ಜೊತೆಯನ್ನು ಎತ್ತಿ ತಂದು, ಇದರ ಮೇಲೆ ನಿಂತು ಕಡಿದಾದ ಕಡೆ ಇಳಿಯುತ್ತೀಯಾ ಅಂದ.

ಅವಳು ನನ್ನ ಕಡೆ ನೋಡಿದಳು. ಮನೆಯಲ್ಲಿ ನಾವು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಹುಡುಗಿ. ಆವತ್ತು ಎರಡೂ ಬಿಟ್ಟು ಅವನ ಹತ್ತಿರ ಸರಿದು ಸ್ವಾಹಿಲಿಯಲ್ಲಿ ಮೆಲ್ಲಗೆ ಏನೋ ಹೇಳಿದಳು. ಅಜ್ಜಿಗೆ ಟೊಮೇಟೊ ಈರುಳ್ಳಿ ಕೊಳ್ಳುವ ಸ್ವಾಹಿಲಿ ಮಾತ್ರ ಬರುತ್ತದೆ ಅಂತ ಅವಳ ಎಣಿಕೆ.

"ನಾಒಗೊಪಾ," ಅಂದಳು.

ನಮ್ಮ ಮನೆಗೆಲಸದವಳು ನಾಯಿ ಕಂಡಾಗಲೆಲ್ಲ ಇದೇ ಮಾತು ಹೇಳುತ್ತಿದ್ದಳು. ನನಗೆ ಭಯ ಅಂತ ಅರ್ಥ. ಆಮೇಲೆ ಮೊಮ್ಮಗಳು ಹೇಳಿದ್ದೂ ಮುಕ್ಕಾಲು ಪಾಲು ತಿಳಿಯಿತು. ಶಾಲೆಯವರು ಅವಳನ್ನು ಮಧ್ಯದ ಗುಂಪಿನಲ್ಲಿ ಹಾಕಿದ್ದರು. ಅಜ್ಜಿ ಎಲ್ಲರ ಮುಂದೆ ಫಸ್ಟು ಫಸ್ಟು ಅನ್ನುತ್ತಾಳೆ, ಅದಕ್ಕೇ ಈ ಸಲ ಮೇಲಿನ ಗುಂಪಿಗೆ ಹೆಸರು ಕೊಟ್ಟಿದ್ದೇನೆ, ಮನೆಯಲ್ಲಿ ಯಾರಿಗೂ ಹೇಳಿಲ್ಲ...

ನಾನು ಸ್ಟೂಲಿನ ಮೇಲೆ ಕೂತೇ ಇದ್ದೆ.

ಅವನು ಅವಳಿಗೆ ಬುದ್ಧಿವಾದ ಹೇಳಲಿಲ್ಲ, ನನ್ನನ್ನು ಬೈಯಲೂ ಇಲ್ಲ. ಕಪ್ಪು ಜೊತೆಯನ್ನು ಹಿಂದಕ್ಕೆ ಇಟ್ಟ. ಅದು ಪಂದ್ಯಕ್ಕೆ ಹೋಗುವವರದ್ದು, ಬಿರುಸು, ತಿರುಗಿಸಲು ಕಾಲಲ್ಲಿ ಬಲ ಬೇಕು ಅಂದ. ಗೀರು ಬಿದ್ದ ಒಂದು ನೀಲಿ ಜೊತೆ ತೆಗೆದ. ಅವಳ ಪಕ್ಕ ನೆಟ್ಟಗೆ ನಿಲ್ಲಿಸಿದ. ಗದ್ದಕ್ಕಿಂತ ಮೇಲೆ, ಮೂಗಿಗಿಂತ ಕೆಳಗೆ ಬಂತು. ಎರಡು ಹಲಗೆಗಳನ್ನು ಅಡಿಗೆ ಅಡಿ ಹಚ್ಚಿ ನಡುವೆ ಬೆಳಕು ಕಾಣುವುದನ್ನು ತೋರಿಸಿದ. ಕೈಯಲ್ಲಿ ಅದುಮಿದರೆ ಕೂಡಿಕೊಂಡಿತು, ಬಿಟ್ಟರೆ ಮತ್ತೆ ಬಿರಿಯಿತು. ಹಳೆಯದರಲ್ಲಿ ನೋಡಬೇಕಾದ್ದು ಈ ಸ್ಪ್ರಿಂಗು, ಬಣ್ಣ ಅಲ್ಲ ಅಂದ. ಕಬ್ಬಿಣದ ಅಂಚನ್ನು ಉಗುರಿನಿಂದ ಕೆರೆದು ತುಕ್ಕು ಒಳಗೆ ಇಳಿದಿಲ್ಲ ಅಂತಲೂ ತೋರಿಸಿದ. ಬೂಟು ಒಂದು ಸೈಜು ದೊಡ್ಡದಿರಲಿ, ಎರಡು ಕಾಲುಚೀಲ ಹಾಕುತ್ತಾಳೆ ಅಂದೆ. ಬಾಯಿ ಸುಮ್ಮನಿರಬೇಕಲ್ಲ. ಅವನು ಕೇಳಿಸಿಕೊಳ್ಳಲೇ ಇಲ್ಲ, ಕಾಲಿಗೆ ಕಚ್ಚಿ ಕೂರುವ ಬೂಟು ಕೊಟ್ಟ.

ಕೊನೆಗೆ ಬೂಟನ್ನು ಹಲಗೆಗೆ ಹಿಡಿಯುವ ತಿರುಪಿಗೆ ಕೈ ಹಾಕಿದ. ಅವಳ ತೂಕ ಕೇಳಿದ. ಆಗ ನನ್ನ ಕಡೆ ತಿರುಗಿದ.

"ಶೋಶೋ, ಬಿದ್ದಾಗ ಬೂಟು ತಾನೇ ಹಲಗೆಯಿಂದ ಕಳಚಿಕೋಬೇಕು. ನೀವು ಫಸ್ಟು ಅಂದ್ರೆ ನಾನು ಬಿಗಿ ಮಾಡ್ತೀನಿ. ಬಿಗಿ ಮಾಡಿದ್ರೆ ಬೂಟು ಕಳಚಲ್ಲ, ಮಂಡಿ ಮುರಿಯುತ್ತೆ. ಆ ಹೋಟೆಲಲ್ಲಿ ಒಬ್ಬ ಅಪ್ಪನ ಮಾತು ನಂಬಿದ್ದೆ ನಾನು."

ಆ ಮಗುವಿಗೆ ಏನಾಯಿತು ಅಂತ ಅವನು ಹೇಳಲಿಲ್ಲ. ನಾನು ಕೇಳಲಿಲ್ಲ. ತಿರುಪುಳಿಯನ್ನು ಕೈಯಲ್ಲಿ ಹಿಡಿದು ನನ್ನ ಬಾಯನ್ನೇ ನೋಡುತ್ತಿದ್ದ.

"ಮಧ್ಯದವಳು. ಸಡಿಲಾನೇ ಇಡಪ್ಪ," ಅಂದೆ.

ಮೊಮ್ಮಗಳು ತಟ್ಟನೆ ನನ್ನ ಮುಖ ನೋಡಿದಳು. ತನ್ನ ಮಾತು ನನಗೆ ತಿಳಿದಿದೆ ಅಂತ ಆಗ ಗೊತ್ತಾಯಿತು. ವಾಪಸು ಬರುವಾಗ ಹಲಗೆಗಳನ್ನು ಕಾಲ ನಡುವೆ ನಿಲ್ಲಿಸಿಕೊಂಡು ಕೂತಿದ್ದೆವು. ಮನೆ ಹತ್ತಿರ ಬಂದಾಗ, ಗುಂಪು ಬದಲಾಯಿಸಲು ಟೀಚರಿಗೆ ಫೋನ್ ಮಾಡು, ನಾನು ಪಕ್ಕದಲ್ಲಿ ಕೂತಿರುತ್ತೇನೆ ಅಂದೆ. ಮಾಡಿದಳು.

ಆ ಸಲ ಅವಳು ಮಧ್ಯದ ಗುಂಪಿನಲ್ಲೇ ಹೋದಳು. ಮೂರನೇ ದಿನ ಜೋರಾಗಿ ಬಿದ್ದಳಂತೆ. ಬೂಟು ಎರಡೂ ಕಳಚಿಕೊಂಡವು, ಬೆನ್ನ ಮೇಲೆ ಜಾರುತ್ತ ಬೇಲಿ ತನಕ ಹೋದಳಂತೆ. ಮಂಡಿ ಊದಿಕೊಂಡಿತು, ಅಷ್ಟೆ. ಬಂದ ಮೇಲೆ ಅದನ್ನು ನಗುತ್ತ ಹೇಳಿದಳು. ನನಗೆ ನಗು ಬರಲಿಲ್ಲ.

ಅವನಿಗೆ ಈ ಸುದ್ದಿ ಹೇಳಬೇಕು ಅಂದುಕೊಂಡೆ. ಈ ವಾರ, ಮುಂದಿನ ವಾರ, ಮಳೆ ನಿಲ್ಲಲಿ, ಸೊಂಟ ನೋವು ಕಡಿಮೆಯಾಗಲಿ... ಹೀಗೇ ಏಳೆಂಟು ತಿಂಗಳು ಕಳೆಯಿತು. ಹೋದಾಗ ಅವನ ಜಾಗದಲ್ಲಿ ಪ್ಲಾಸ್ಟಿಕ್ ಬೇಸಿನ್ನುಗಳನ್ನು ಒಂದರೊಳಗೊಂದು ಪೇರಿಸಿಟ್ಟಿದ್ದರು. ಜ್ವರ ಅಂತ ಊರಿಗೆ ಹೋದವನು ತೀರಿಕೊಂಡ ಅಂತ ಚಪ್ಪಲಿಯವಳು ಹೇಳಿದಳು. ಊರು ಯಾವುದು ಅಂತ ಅವಳಿಗೂ ತಿಳಿಯದು. ನನ್ನದೇ ತಪ್ಪು. ಕೊಳ್ಳಬೇಕಾದ ದಿನ ಎರಡು ಮಟಾಟು ಬದಲಾಯಿಸಿ ಹೋಗಲು ಆಗುತ್ತಿತ್ತು, ಒಂದು ಒಳ್ಳೆಯ ಮಾತು ಹೇಳಲು ಆಗಲಿಲ್ಲ.

ಮೊಮ್ಮಗಳಿಗೆ ಈಗ ಇಪ್ಪತ್ತು, ಹಾಸ್ಟೆಲಿನಲ್ಲಿದ್ದಾಳೆ. ಮೊನ್ನೆ ಫೋನ್ ಮಾಡಿದಳು.

"ಅಜ್ಜಿ, ಐ ಫೇಲ್ಡ್ ಒನ್ ಪೇಪರ್. ಪಪ್ಪಾಗೆ ಇನ್ನೂ ಹೇಳಿಲ್ಲ."

"ಸರಿ. ಊಟ ಆಯ್ತಾ?" ಅಂದೆ.

ಅವಳು ಅತ್ತಳು. ಆಮೇಲೆ ಯಾವ ಪೇಪರು, ಮತ್ತೆ ಯಾವಾಗ ಬರೆಯಬಹುದು ಎಲ್ಲ ಹೇಳಿದಳು. ಫೋನ್ ಇಟ್ಟ ಮೇಲೆ, ಹುಡುಗಿ ಸೋತದ್ದನ್ನು ಮೊದಲು ನನಗೆ ಹೇಳಿದಳು ಅಂತ ಯಾರಿಗಾದರೂ ಹೇಳಿಕೊಳ್ಳಬೇಕು ಅನ್ನಿಸಿತು. ಮಗನಿಗೆ ಇದು ಅರ್ಥವಾಗುವುದಿಲ್ಲ, ನಮ್ಮ ಕನ್ನಡದ ಹೆಂಗಸರಿಗಂತೂ ಇಲ್ಲ. ಅರ್ಥವಾಗುತ್ತಿದ್ದವನು ಒಬ್ಬನಿದ್ದ. ಅವನ ಹೆಸರನ್ನು ಕೂಡ ನಾನು ಕೇಳಿರಲಿಲ್ಲ.