ಪಕ್ಕದ ಮನೆಯ ಆಂಟೆನಾದ ಬ್ರೇಕು

1998. ಆಗ ನನಗೆ ಮೂವತ್ತು ವರ್ಷ. ಶಾಲೆಯೊಂದರಲ್ಲಿ ಕನ್ನಡ ಪಾಠ ಹೇಳುತ್ತಿದ್ದೆ. ಮೊನ್ನೆ ನಮ್ಮ ಗೇಟಿಗೆ ಗ್ರೀಸು ಸವರುವಾಗ ಮೂಗಿಗೆ ಬಡಿದ ವಾಸನೆ ನನ್ನನ್ನು ಆ ವರ್ಷಕ್ಕೆ, ಜೆ.ಪಿ. ನಗರದ ಬಾಡಿಗೆ ಮನೆಗೆ, ಪಕ್ಕದ ಮನೆಯ ಯಜಮಾನರ ಬಳಿಗೆ ಕರೆದೊಯ್ದಿತು. ಅವರ ಕೈಗಳಿಗೆ ಸದಾ ಅದೇ ವಾಸನೆ...

ಅವರು ಹವ್ಯಾಸಿ ರೇಡಿಯೊದವರು. ಪರವಾನಗಿ ಪಡೆದು, ಮನೆಯ ಮುಂದಿನ ಕೋಣೆಯಿಂದಲೇ ದೂರದೇಶದ ಅಪರಿಚಿತರೊಡನೆ ಮಾತನಾಡುತ್ತಿದ್ದರು. ತಾರಸಿಯ ಕಂಬದ ತುದಿಯಲ್ಲಿ ಅಲ್ಯೂಮಿನಿಯಂ ಕೊಳವೆಗಳ ಅಗಲವಾದ ಆಂಟೆನಾ. ಅದನ್ನು ಬೇಕಾದ ದಿಕ್ಕಿಗೆ ತಿರುಗಿಸಲು ಒಂದು ಮೋಟಾರು, ತಿರುಗಿದ್ದನ್ನು ಹಿಡಿದು ನಿಲ್ಲಿಸಲು ಒಂದು ಬ್ರೇಕು. ಕೆಳಗಿನ ಪೆಟ್ಟಿಗೆಯಲ್ಲಿ ಗುಂಡಿಯನ್ನು ಒತ್ತಿ ಹಿಡಿದಿರುವಷ್ಟು ಹೊತ್ತು ಬ್ರೇಕು ಸಡಿಲವಾಗಿರುತ್ತಿತ್ತು, ಬಿಟ್ಟರೆ ಕಚ್ಚುತ್ತಿತ್ತು. ಮೋಟಾರು ನಿಂತ ಮೇಲೂ ಆಂಟೆನಾ ತನ್ನ ಭಾರಕ್ಕೆ ತುಸು ಜಾರುವುದರಿಂದ, ಅದು ಪೂರ್ತಿ ನಿಲ್ಲುವ ಮೊದಲೇ ಗುಂಡಿ ಬಿಟ್ಟರೆ ಬ್ರೇಕಿನ ಹಲ್ಲುಗಳು ಸವೆಯುತ್ತವೆ ಎಂದು ಅವರೇ ನನಗೆ ವಿವರಿಸಿದ್ದರು.

ಅದಕ್ಕಾಗಿ ಆ ದಂಪತಿಗಳದೇ ಒಂದು ಪದ್ಧತಿಯಿತ್ತು. ಬೆಳಗ್ಗೆ ಅವರ ಹೆಂಡತಿ ಬಟ್ಟೆ ಒಣಹಾಕಲು ತಾರಸಿಗೆ ಹೋದಾಗ ಇವರು ಆಂಟೆನಾ ತಿರುಗಿಸಿ, ಗುಂಡಿಯ ಮೇಲೆ ಬೆರಳಿಟ್ಟುಕೊಂಡೇ ಕಿಟಕಿಯಿಂದ ಕೂಗುತ್ತಿದ್ದರು.

"ನಿಂತ್ಲೇನೇ ನಿನ್ ಸವತಿ?"

"ನಿಂತ್ಲು ಕಣ್ರೀ, ಬಿಡಿ! ನಿಮಗಿಂತ ವಾಸಿ, ಹೇಳಿದ್ ಕಡೆ ನಿಲ್ತಾಳೆ."

ಆ ಬೇಸಿಗೆಯಲ್ಲಿ ನನಗೆ ದಿಗಿಲು ಹತ್ತಿತು. ಆಕೆ "ನಿಂತ್ಲು" ಎನ್ನುವಾಗ ಆಂಟೆನಾ ಇನ್ನೂ ತಿರುಗುತ್ತಲೇ ಇರುತ್ತಿತ್ತು. ಮರುಕ್ಷಣವೇ ಮೇಲಿನಿಂದ ಟಕ್ ಎಂದು ಲೋಹ ಕಚ್ಚಿದ ಸದ್ದು. ನಮ್ಮ ಬಾಲ್ಕನಿಯಿಂದ ಗಮನಿಸಿದೆ. ಆಕೆ ತಂತಿಯನ್ನು ತಡವಿ ತಡವಿ ಬಟ್ಟೆ ಹರವುತ್ತಿದ್ದರು. ಕಣ್ಣು ಮಂಜಾಗಿತ್ತು, ಯಾರಿಗೂ ಹೇಳಿರಲಿಲ್ಲ. ನಾನು ಹೇಳಿದರೆ ಆಕೆಯ ಗುಟ್ಟು ರಟ್ಟಾಗುತ್ತದೆ. ಹೇಳದಿದ್ದರೆ ಬ್ರೇಕು ಹೋಗುತ್ತದೆ. ಪುಟ್ಟೇನಹಳ್ಳಿ ಕೆರೆಯ ಕಡೆಯಿಂದ ಮಳೆಗಾಲಕ್ಕೆ ಮುಂಚಿನ ಗಾಳಿ ಆಗಲೇ ಬೀಸತೊಡಗಿತ್ತು.

ಕೊನೆಗೆ, ಕಾಂಪೌಂಡ್ ಗೋಡೆಯ ಬಳಿ, ಅಳುಕುತ್ತಲೇ ಹೇಳಿದೆ: "ಸಾರ್, ಆಂಟೆನಾ ನಿಲ್ಲೋಕ್ ಮುಂಚೇನೇ ಬ್ರೇಕ್ ಬೀಳ್ತಿದೆ."

ಅವರು ಅಡುಗೆಮನೆಯ ಕಡೆ ನೋಡಿ ದನಿ ತಗ್ಗಿಸಿದರು. "ಮೆಲ್ಲಗೆ ಮೇಷ್ಟ್ರೇ. ಅವಳನ್ನ ಕೇಳೋದು ಬರೀ ರೂಢಿಗೆ. ಪೆಟ್ಟಿಗೆ ಮೇಲೆ ಮೀಟರಿದೆ, ಮುಳ್ಳು ಓಡ್ತಿರೋದು ನಂಗೆ ಕಾಣ್ಸಲ್ವಾ?"

"ಮತ್ಯಾಕೆ ಗುಂಡಿ ಬಿಡ್ತೀರಿ?"

"ಅವಳ ಕಿವಿ ಚುರುಕು. ಬಿಡಿ ಅಂದ ತಕ್ಷಣ ಟಕ್ ಅನ್ಲಿಲ್ಲ ಅಂದ್ರೆ, ನಂಗೆ ಗೊತ್ತಾಗಿದೆ ಅಂತ ಅವಳಿಗೆ ಗೊತ್ತಾಗ್ಬಿಡತ್ತೆ. ಕಣ್ಣಿನ ವಿಷಯ ಎತ್ತಿದ್ರೆ ಊಟ ಬಿಡ್ತಾಳೆ. ಹಲ್ಲು ಸವೆದ್ರೆ ಸವೀಲಿ."

ಮೇ ತಿಂಗಳ ಒಂದು ಸಂಜೆಯ ಬಿರುಗಾಳಿಗೆ ಬ್ರೇಕು ಹೋಯಿತು. ಆಂಟೆನಾ ಗಾಳಿ ಎಳೆದತ್ತ ಗಿರಗಿರನೆ ತಿರುಗಿ, ಕೇಬಲ್ಲನ್ನು ಕಂಬಕ್ಕೆ ಸುತ್ತಿ ಹರಿದುಹಾಕಿತು. ಮುಂದಿನ ಭಾನುವಾರ ಅದನ್ನು ಇಳಿಸಿ, ಅವರು ಅಂಗಳದಲ್ಲಿ ಮೋಟಾರು ಬಿಚ್ಚಿದರು. ಬ್ರೇಕಿನ ಹಲ್ಲುಗಳು ಸವೆದು ನುಣುಪಾಗಿ ಹೊಳೆಯುತ್ತಿದ್ದವು. ಆಕೆ ಗೋಡೆ ಹಿಡಿದು ಹತ್ತಿರ ಬಂದರು.

"ಯಾಕ್ರೀ ಹೋಯ್ತು? ನಾನು ಸರಿಯಾಗೇ ಹೇಳ್ತಿದ್ನಲ್ಲ..."

"ತುಕ್ಕು ಕಣೇ. ಒಳಗೆ ನೀರು ಹೋಗಿತ್ತು."

ಆಕೆ ನನ್ನ ದಿಕ್ಕಿಗೆ ಮುಖ ತಿರುಗಿಸಿದರು. "ಹೌದಾ ಮೇಷ್ಟ್ರೇ? ಇವರ ಮಾತು ನಂಬಕ್ಕಾಗಲ್ಲ."

ಎದುರಿಗಿದ್ದ ಲೋಹದಲ್ಲಿ ತುಕ್ಕಿನ ಒಂದು ಚುಕ್ಕೆಯೂ ಇರಲಿಲ್ಲ. ಯಜಮಾನರು ತಲೆಯೆತ್ತದೆ ಕಾಯುತ್ತಿದ್ದರು.

"ಹೌದಮ್ಮಾ, ತುಕ್ಕು. ಪೂರ್ತಿ ತಿಂದುಬಿಟ್ಟಿದೆ," ಎಂದೆ.

ಆಕೆ ನಿಟ್ಟುಸಿರು ಬಿಟ್ಟು, "ನಾನೇನೋ ಅಂದ್ಕೊಂಡಿದ್ದೆ," ಎಂದು ಒಳಗೆ ಹೋದರು.

ಆ ಆಂಟೆನಾ ಮತ್ತೆ ಕಂಬ ಏರಲಿಲ್ಲ. ಯಜಮಾನರೂ ಇಲ್ಲ, ಆಕೆಯೂ ಇಲ್ಲ. ಆ ಮನೆಯ ಜಾಗದಲ್ಲಿ ಈಗ ನಾಲ್ಕಂತಸ್ತಿನ ಕಟ್ಟಡವಿದೆ. ನನ್ನ ಮಾತನ್ನು ಆಕೆ ನಿಜಕ್ಕೂ ನಂಬಿದರೋ, ನಮ್ಮಿಬ್ಬರ ಮರ್ಯಾದೆ ಉಳಿಸಲು ನಂಬಿದಂತೆ ನಡೆದುಕೊಂಡರೋ... ಕೇಳೋಣವೆಂದರೆ ಯಾರೂ ಉಳಿದಿಲ್ಲ. ಆಕೆಗೆ ನಾನು ಆ ಉತ್ತರ ಕೊಟ್ಟದ್ದು 1998ರ ಮೇ 17ರಂದು.