ಪುಷ್ಪಾವತಿಯವರು ಬ್ರೋಕರನ್ನು ಆರಿಸಿದ್ದು

ಬಡವನಹಳ್ಳಿ ಪೇಟೆಯಲ್ಲಿ ಪುಷ್ಪಾವತಿಯವರಿಗೆ ತಾಯಿಯ ಕಡೆಯಿಂದ ಬಂದ ಒಂದು ಮಳಿಗೆ ಇತ್ತು. ಓಬಯ್ಯ ಎಂಬಾತ ಅದರಲ್ಲಿ ಕಂಬಳಿ, ಹಗ್ಗ, ಕುರಿಯ ಕೊರಳಿಗೆ ಕಟ್ಟುವ ಗಂಟೆ ಇಟ್ಟುಕೊಂಡು ವ್ಯಾಪಾರ ಮಾಡುತ್ತಿದ್ದ. ತಿಂಗಳಿಗೊಮ್ಮೆ ಮಧುಗಿರಿಯಿಂದ ಬಸ್ಸು ಹತ್ತಿ ಹೋಗಿ ಬಾಡಿಗೆ ತರುವುದು ಅವರ ರೂಢಿ. ಗಂಡ ಪರ್ವತಯ್ಯ ಕಬ್ಬಿಣ, ಸಿಮೆಂಟಿನ ಅಂಗಡಿ ನಡೆಸಿದವರು, ಜಿಪುಣರೇನಲ್ಲ. ಆದರೂ ಮನೆಯ ದುಡ್ಡೆಲ್ಲ ಅವರ ಕೈ ದಾಟಿಯೇ ಬರಬೇಕು. ಮಳಿಗೆಯ ಬಾಡಿಗೆ ಮಾತ್ರ ಪುಷ್ಪಾವತಿಯವರದೇ. ತಂಗಿಯ ಮಗಳಿಗೆ ಓಲೆ ಮಾಡಿಸಿದ್ದು, ಕಾಶಿಗೆ ಹೋಗಿಬಂದದ್ದು ಎಲ್ಲ ಅದರಲ್ಲೇ. ಯಾರನ್ನೂ ಕೇಳಿರಲಿಲ್ಲ.

ಹೋದ ವರ್ಷ ಓಬಯ್ಯ ಮಳಿಗೆಯನ್ನು ತನಗೇ ಕೊಡಿ ಎಂದು ಕೇಳಿದ. ಮಗ ವ್ಯಾಪಾರಕ್ಕೆ ಕೂತಿದ್ದಾನೆ, ಸ್ವಂತದ್ದೊಂದು ಜಾಗ ಇರಲಿ ಅಂತ. ಬೆಲೆಯೂ ನ್ಯಾಯವಾಗಿತ್ತು. ಪುಷ್ಪಾವತಿಯವರು ಕೊಟ್ಟರು. ಆದರೆ ಮುಂದಿನ ತಿಂಗಳು ಬಾಡಿಗೆಗೆ ಹೊರಡುವ ದಿನ ಬಂದಾಗ, ಸೀರೆ ಉಟ್ಟು ಸುಮ್ಮನೆ ಜಗಲಿಯ ಮೇಲೆ ಕೂತುಬಿಟ್ಟರು.

ದುಡ್ಡನ್ನು ಬ್ಯಾಂಕಿನಲ್ಲಿ ಇಬ್ಬರ ಹೆಸರಲ್ಲೂ ಇಡೋಣ ಎಂದರು ಪರ್ವತಯ್ಯ. ಪುಷ್ಪಾವತಿಯವರು ಹೂಂ ಅನ್ನಲಿಲ್ಲ. ಅವರಿಗೆ ಬೇಕಾದದ್ದು ಬಾಡಿಗೆ. ಪಕ್ಕದ ಮನೆಯ ಜ್ಯೋತಿಲಕ್ಷ್ಮಿ ಪಿಯು ಕಾಲೇಜಿನಲ್ಲಿ ಕಾಮರ್ಸ್ ಪಾಠ ಮಾಡುತ್ತಾಳೆ. ಅವಳು ಒಂದು ಸಂಜೆ ರೀಟ್ ಅನ್ನುವುದರ ವಿಷಯ ಹೇಳಿದಳು. ಬೆಂಗಳೂರಿನಂಥ ಊರಿನಲ್ಲಿ ದೊಡ್ಡ ದೊಡ್ಡ ಆಫೀಸು ಕಟ್ಟಡಗಳಿರುತ್ತವೆ, ಅವುಗಳನ್ನು ಸಣ್ಣ ಸಣ್ಣ ಪಾಲು ಮಾಡಿ ಷೇರಿನ ಹಾಗೆ ಮಾರುತ್ತಾರೆ, ಬಂದ ಬಾಡಿಗೆಯಲ್ಲಿ ಪಾಲುದಾರರಿಗೆ ಭಾಗ ಬರುತ್ತದೆ. ಪಾಲಿನ ಬೆಲೆ ಏರುತ್ತದೆ, ಇಳಿಯುತ್ತದೆ, ಗ್ಯಾರಂಟಿ ಅಂತೇನಿಲ್ಲ ಎಂಬುದನ್ನೂ ಬಿಡಿಸಿ ಹೇಳಿದಳು. ಓಬಯ್ಯ ಬರುವ ಮುಂಚೆ ಮಳಿಗೆಯೂ ಒಮ್ಮೊಮ್ಮೆ ಖಾಲಿ ಬೀಳುತ್ತಿರಲಿಲ್ಲವೇ ಎಂದುಕೊಂಡರು ಪುಷ್ಪಾವತಿ. ಅರ್ಧ ದುಡ್ಡನ್ನು ಇದಕ್ಕೆ ಹಾಕುವುದೆಂದು ತೀರ್ಮಾನಿಸಿದರು.

ಕೊಳ್ಳಬೇಕಾದರೆ ಒಬ್ಬ ಬ್ರೋಕರ್ ಬೇಕು, ಕೊಂಡ ಪಾಲು ಇಟ್ಟುಕೊಳ್ಳಲು ಡಿಮ್ಯಾಟ್ ಖಾತೆ ಬೇಕು. ಪರ್ವತಯ್ಯನವರು ತಕ್ಷಣ ಚಂದ್ರಶೇಖರನಿಗೆ ಫೋನು ಮಾಡಿದರು. ಅವರ ಅಣ್ಣನ ಮಗ, ಶಿರಾದಲ್ಲಿ ಷೇರು ವ್ಯವಹಾರ ಮಾಡಿಕೊಡುವವನು. ಭಾನುವಾರ ಬಂದ. ಒಳ್ಳೆಯ ಹುಡುಗ, ಕಾಲಿಗೆ ನಮಸ್ಕಾರ ಮಾಡಿ ಕೂತ. ಖಾತೆ ತೆರೆಯುವುದರಿಂದ ಹಿಡಿದು ಎಲ್ಲ ತಾನೇ ನೋಡಿಕೊಳ್ಳುತ್ತೇನೆ, ಚಿಕ್ಕಪ್ಪನ ಫೋನಿಗೆ ಓಟಿಪಿ ಬರುತ್ತದೆ, ಅದನ್ನು ಹೇಳಿದರೆ ಸಾಕು ಅಂದ. ಚಿಕ್ಕಮ್ಮ ಒಂದು ಸಹಿ ಹಾಕಿದರೆ ಮುಗಿಯಿತು.

ಪುಷ್ಪಾವತಿಯವರು ಅವನಿಗೆ ಊಟ ಬಡಿಸಿ, ಯೋಚನೆ ಮಾಡಿ ಹೇಳುತ್ತೇನೆ ಎಂದು ಕಳಿಸಿದರು.

ಆಮೇಲಿನ ಒಂದು ವಾರ ಅವರು ಜ್ಯೋತಿಲಕ್ಷ್ಮಿಯ ಜೊತೆ ಕೂತು ಫೋನಿನಲ್ಲಿ ಬ್ರೋಕರ್ ಕಂಪನಿಗಳನ್ನು ನೋಡಿದರು. ಷೇರುಪೇಟೆಯ ಮೇಲೆ ಕಣ್ಣಿಡುವ ಸೆಬಿಯ ಪಟ್ಟಿಯಲ್ಲಿ ಹೆಸರಿದೆಯೇ ಎಂದು ಮೊದಲು ನೋಡುವುದು ಜ್ಯೋತಿಲಕ್ಷ್ಮಿಯ ಕೆಲಸ. ಸೋಸಿ ಸೋಸಿ ಕೊನೆಗೆ ಉಳಿದ ಎರಡು ಕಂಪನಿಗಳಲ್ಲಿ ಒಂದಕ್ಕೆ ವರ್ಷದ ಶುಲ್ಕವೇ ಇಲ್ಲ, ಆದರೆ ಏನು ಕೇಳಬೇಕಾದರೂ ಇಂಗ್ಲಿಷಿನಲ್ಲಿ ಟೈಪ್ ಮಾಡಿ ಕಾಯಬೇಕು. ಇನ್ನೊಂದಕ್ಕೆ ಶುಲ್ಕವಿತ್ತು, ಫೋನು ಮಾಡಿದರೆ ಕನ್ನಡದಲ್ಲಿ ಮಾತಾಡುವವರಿದ್ದರು. ಪುಷ್ಪಾವತಿಯವರು ಮಾಡಿಯೇ ನೋಡಿದರು. ಫೋನೆತ್ತಿದ ಹುಡುಗಿಯನ್ನು ಅವರು ಕೇಳಿದ್ದು ಒಂದೇ ಮಾತು.

"ನಾಳೆ ನಿಮ್ಮ ಕಂಪನಿ ಬಾಗಿಲು ಹಾಕಿದ್ರೆ ನನ್ನ ಕಟ್ಟಡದ ಗತಿ ಏನಮ್ಮ?"

ಹುಡುಗಿ ನಗಲಿಲ್ಲ. ಪಾಲುಗಳು ಬ್ರೋಕರ್ ಬಳಿ ಇರುವುದಿಲ್ಲ, ಡಿಪಾಸಿಟರಿ ಎಂಬ ಬೇರೆ ಸಂಸ್ಥೆಯಲ್ಲಿ ನಿಮ್ಮ ಹೆಸರಿನಲ್ಲೇ ಇರುತ್ತವೆ, ಬಾಡಿಗೆಯ ಭಾಗ ನೇರವಾಗಿ ನಿಮ್ಮ ಬ್ಯಾಂಕ್ ಖಾತೆಗೆ ಬರುತ್ತದೆ ಎಂದು ನಿಧಾನವಾಗಿ ವಿವರಿಸಿದಳು. ಪುಷ್ಪಾವತಿಯವರು ಆ ಕಂಪನಿಯನ್ನೇ ಹಿಡಿದರು.

ಪರ್ವತಯ್ಯನವರಿಗೆ ಇದು ಗೊತ್ತಾದದ್ದು ರಾತ್ರಿ ಊಟದ ಹೊತ್ತಿಗೆ. ಮುದ್ದೆ ಮುರಿಯುತ್ತಿದ್ದವರು ಕೈ ನಿಲ್ಲಿಸಿದರು.

"ನನ್ನ ಮೇಲೆ ನಂಬಿಕೆ ಇಲ್ವಾ ನಿಂಗೆ?"

"ನಂಬಿಕೆ ಇಲ್ದೆ ಇಷ್ಟು ವರ್ಷ ಬಾಳಿದ್ನಾ? ಅವ್ವ ನನಗೆ ಅಂತ ಕೊಟ್ಟಿದ್ದು ಕಣ್ರಿ. ಮೆಸೇಜು ನನ್ನ ಫೋನಿಗೇ ಬರ್ಲಿ."

ಪರ್ವತಯ್ಯ ಮುದ್ದೆ ಮುಗಿಸಿ ಎದ್ದರು. ಚಂದ್ರಶೇಖರನಿಗೆ ಪುಷ್ಪಾವತಿಯವರೇ ಫೋನು ಮಾಡಿ, ತಪ್ಪು ತಿಳಿಯಬೇಡಪ್ಪ, ಇದೊಂದನ್ನು ನಾನೇ ಕಲಿಯುತ್ತೇನೆ ಅಂದರು. ಅವನಿಗೆ ಸ್ವಲ್ಪ ಬೇಜಾರಾಯಿತು.

ಖಾತೆ ತೆರೆಯುವುದೇನೂ ಹೂವೆತ್ತಿದಷ್ಟು ಸಲೀಸಾಗಿರಲಿಲ್ಲ. ಆಧಾರಿನಲ್ಲಿ ಒಂದು ಹೆಸರು, ಪ್ಯಾನ್ ಕಾರ್ಡಿನಲ್ಲಿ ಅದಕ್ಕೆ ಬಾಲದಂತೆ ಗಂಡನ ಹೆಸರು. ಅದನ್ನು ಸರಿಮಾಡಿಸಲು ಓಡಾಡಿದರು. ಫೋನಿನ ಕ್ಯಾಮೆರಾ ಮುಂದೆ ಕಣ್ಣು ಮಿಟುಕಿಸಿ ಅಂದಾಗ ಅವರಿಗೆ ನಗು ಬಂದುಬಿಡುತ್ತಿತ್ತು, ಫೋಟೋ ಕೆಡುತ್ತಿತ್ತು. ತಮ್ಮ ನಂತರ ಪಾಲು ಯಾರಿಗೆ, ನಾಮಿನಿ ಯಾರು ಎಂಬಲ್ಲಿಗೆ ಬಂದಾಗ ಅವರು ಜ್ಯೋತಿಲಕ್ಷ್ಮಿಯ ಕೈಯಿಂದ ಫೋನು ಇಸಿದುಕೊಂಡು ಒಳಗೆ ಹೋದರು. ಪೇಪರು ಓದುತ್ತಿದ್ದ ಗಂಡನಿಗೆ, "ನಿಮ್ಮ ಹುಟ್ಟಿದ ತಾರೀಕು ಹೇಳಿ, ಇಲ್ಲಿ ಕೇಳ್ತಾ ಇದೆ" ಅಂದರು. ಪರ್ವತಯ್ಯ ತಾರೀಕು ಹೇಳಿದರು. ಕನ್ನಡಕ ತೆಗೆದು, ಎಲ್ಲಿ ತೋರಿಸು, ಎಂದು ಪಕ್ಕದಲ್ಲಿ ಅವರಿಗೆ ಜಾಗ ಬಿಟ್ಟು ಕೂತರು.

ಖಾತೆ ಆದ ಮೇಲೆ ಪುಷ್ಪಾವತಿಯವರು ತಾವೇ ಬೆಂಗಳೂರಿನ ಕಟ್ಟಡಗಳ ಪಾಲು ಕೊಂಡರು. ಬಾಡಿಗೆಯ ಮೊದಲ ಭಾಗ ಬ್ಯಾಂಕಿಗೆ ಬಂದಾಗ ಅದು ಓಬಯ್ಯ ಕೊಡುತ್ತಿದ್ದುದಕ್ಕಿಂತ ಕಡಿಮೆಯೇ ಇತ್ತು. ನಡುವೆ ಪಾಲಿನ ಬೆಲೆಯೂ ಕುಸಿಯಿತು. ಪುಷ್ಪಾವತಿಯವರು ಎರಡು ದಿನ ಆ್ಯಪ್ ತೆರೆಯಲೇ ಇಲ್ಲ, ಆದರೆ ಮಾರಲೂ ಇಲ್ಲ. ಬೆಲೆ ಮತ್ತೆ ಮೆಲ್ಲಗೆ ಏರಿತು.

ಈ ಬೇಸಿಗೆಯಲ್ಲಿ ನೆಂಟರ ಮದುವೆಗೆಂದು ಬೆಂಗಳೂರಿಗೆ ಹೋದಾಗ ದಂಪತಿ ಆಟೋ ಮಾಡಿಕೊಂಡು ತಮ್ಮ ಪಾಲಿರುವ ಕಟ್ಟಡಗಳಲ್ಲಿ ಒಂದನ್ನು ನೋಡಲು ಹೋದರು. ಗೇಟಿನಲ್ಲಿ ಸೆಕ್ಯೂರಿಟಿಯವನು ಒಳಗೆ ಬಿಡಲು ಗುರುತಿನ ಕಾರ್ಡು ಕೇಳಿದ. ಪುಷ್ಪಾವತಿಯವರು ಹಿಂದೆ ಸರಿದರು. ಪರ್ವತಯ್ಯ ಮಾತ್ರ ಮುಂದೆ ಹೋಗಿ, "ನೋಡಪ್ಪ, ನಮ್ಮ ಮನೆಯವರದ್ದೂ ಇದರಲ್ಲಿ ಪಾಲಿದೆ" ಅಂದರು. ಅವನಿಗೆ ಕನ್ನಡ ಬರುತ್ತಿರಲಿಲ್ಲ. ಪರ್ವತಯ್ಯ ಇನ್ನೊಮ್ಮೆ, ಸ್ವಲ್ಪ ಜೋರಾಗಿ ಹೇಳಿದರು. ಪುಷ್ಪಾವತಿಯವರು ಅವರ ತೋಳು ಹಿಡಿದು ಎಳೆದುಕೊಂಡು ಬಂದರು. ರಸ್ತೆಯ ಈಚೆ ಮರದ ನೆರಳಲ್ಲಿ ನಿಂತು ಇಬ್ಬರೂ ಎಳನೀರು ಕುಡಿದರು, ಗಾಜಿನ ಗೋಡೆಯನ್ನು ತಲೆಯೆತ್ತಿ ನೋಡಿದರು, ಆಮೇಲೆ ಮದುವೆಮನೆಗೆ ಹೊತ್ತಾಯಿತೆಂದು ಹೊರಟರು.